ಮಾತ್ರೆ ಬಿಟ್ಟಾಯಿತು, ಇನ್ನು ಒಂದು ಪೆಗ್ ಹಾಕಬಹುದೇ?

"ನಿದ್ದೆಗೆ, ಗಾಬರಿಗೆ ಅಂತ ತಿನ್ನುತ್ತಿದ್ದ ಮಾತ್ರೆ ಪೂರ್ತಿ ಬಿಟ್ಟು ಒಂದೂವರೆ ತಿಂಗಳಾಯ್ತು. ಭಾನುವಾರ ಭಾವನ ಮಗನ ರಿಸೆಪ್ಷನ್ ಇದೆ. ಎಲ್ಲರ ಜೊತೆ ಕೂತು ಒಂದು ಪೆಗ್ ಹಾಕಿದ್ರೆ ಏನೂ ಆಗಲ್ಲ ಅಲ್ವಾ?"

ಈ ಪ್ರಶ್ನೆ ಡಾಕ್ಟರ ಮುಂದೆ ಬರುವುದು ಕಡಿಮೆ. ಬೈಸಿಕೊಳ್ಳಬೇಕಾದೀತು ಎಂಬ ಅಳುಕು. ಮೆಡಿಕಲ್ ಶಾಪಿನ ಹುಡುಗನನ್ನೋ, ನರ್ಸಿಂಗ್ ಓದಿದ ನಾದಿನಿಯನ್ನೋ ಕೇಳಿ, "ಒಂದು ತಾನೇ, ಪರವಾಗಿಲ್ಲ ಬಿಡಿ" ಎನ್ನಿಸಿಕೊಂಡು ಸಮಾಧಾನಪಟ್ಟುಕೊಳ್ಳುವುದೇ ಹೆಚ್ಚು. ಡಾಕ್ಟರನ್ನು ಕೇಳಿದರೂ ಸಿಗುವುದು "ಬೇಡ" ಎಂಬ ಒಂದೇ ಪದ. ಆ ಬೇಡ ಯಾಕೆ, ಎಷ್ಟು ದಿನದ್ದು, ಎಲ್ಲರಿಗೂ ಒಂದೇ ಬೇಡವೇ ಎಂಬುದನ್ನು ಬಿಡಿಸಿ ಹೇಳುವಷ್ಟು ಪುರುಸೊತ್ತು ಒಪಿಡಿಯಲ್ಲಿ ಇರುವುದಿಲ್ಲ.

ಕೇಳುವವರು ಬಹಳಷ್ಟು ಸಲ ಕುಡುಕರೇನಲ್ಲ. ಯಾವತ್ತೋ ಎದೆ ಡವಡವ ಅಂತ, ರಾತ್ರಿ ನಿದ್ದೆ ಹತ್ತುತ್ತಿಲ್ಲ ಅಂತ ಹೋದಾಗ 0.25 ಅಥವಾ 0.5 ಮಿಲಿಗ್ರಾಂನ ಪುಟ್ಟ ಮಾತ್ರೆಯೊಂದನ್ನು ಬರೆದುಕೊಟ್ಟಿರುತ್ತಾರೆ. ಎರಡು ವಾರಕ್ಕೆಂದು ಶುರುವಾದದ್ದು ಎರಡು ವರ್ಷಕ್ಕೆ ಎಳೆದಿರುತ್ತದೆ. ಆಮೇಲೆ ಯಾರೋ ಎಚ್ಚರಿಸಿ, ಮುಕ್ಕಾಲು, ಅರ್ಧ, ಕಾಲು ಎಂದು ಬ್ಲೇಡಿನಲ್ಲಿ ಕತ್ತರಿಸಿಕೊಂಡು ತಿಂಗಳುಗಟ್ಟಲೆ ಪಟ್ಟು ಹಿಡಿದು ಬಿಟ್ಟಿರುತ್ತಾರೆ. ಆಲ್ಪ್ರಜೋಲಾಂ, ಕ್ಲೊನಾಜೆಪಾಂ, ಲೊರಾಜೆಪಾಂ, ಡಯಾಜೆಪಾಂ, ನೈಟ್ರಾಜೆಪಾಂ, ಕ್ಲೋರ್‌ಡಯಾಜೆಪಾಕ್ಸೈಡ್ ಎಲ್ಲವೂ ಒಂದೇ ಮನೆತನದವು. ಮನೆತನದ ಹೆಸರು ಬೆಂಜೊಡಯಾಜೆಪೈನ್.

ಮದ್ಯ ಈ ಮನೆತನಕ್ಕೆ ಸೇರಿದ್ದಲ್ಲ. ಆದರೆ ಅದು ಬಂದು ತಟ್ಟುವುದೂ ಅದೇ ಬಾಗಿಲನ್ನು. ಕಥೆಯೆಲ್ಲ ಇರುವುದು ಅಲ್ಲೇ.

ಕೆರೆ, ತೂಬು, ನೀರುಗಂಟಿ

ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ. ಅದು ಮಿದುಳಿನಲ್ಲಿದೆ ಎಂದು ಗೊತ್ತಾದದ್ದು 1950ರಲ್ಲಿ. ಗಾಬರಿಯನ್ನು ಇಳಿಸುವ ವಸ್ತುವಿಗೆ ಗಾಬಾ ಎಂಬ ಹೆಸರು ಬಿದ್ದದ್ದು ಕಾಕತಾಳೀಯ, ಆದರೆ ಕನ್ನಡದವರಿಗೆ ನೆನಪಿಟ್ಟುಕೊಳ್ಳಲು ಅನುಕೂಲ. ನರಕೋಶದ ಗೋಡೆಯಲ್ಲಿ ಒಂದು ತೂಬು ಇದೆ ಎಂದುಕೊಳ್ಳಿ, ನಮ್ಮ ಹಳೇ ಕೆರೆಗಳ ತೂಬಿನ ಹಾಗೆ. ಅದನ್ನು ಎತ್ತುವ ನೀರುಗಂಟಿಯೇ ಗಾಬಾ. ತೂಬು ಎತ್ತಿದಾಗ ಕ್ಲೋರೈಡ್ ಅಯಾನುಗಳು ಒಳಗೆ ಹರಿಯುತ್ತವೆ, ಕುದಿಯುತ್ತಿದ್ದ ನರಕೋಶ ತಣ್ಣಗಾಗುತ್ತದೆ. ಇನ್ನೊಂದು ದಿಕ್ಕಿನಲ್ಲಿ ಗ್ಲುಟಮೇಟ್ ಎಂಬ ಮತ್ತೊಬ್ಬನಿದ್ದಾನೆ. ನರಕೋಶಗಳನ್ನು ಕೆರಳಿಸಿ ಎಚ್ಚರವಾಗಿಡುವುದು ಅವನ ಕೆಲಸ. ನಾವು ನೆಟ್ಟಗೆ ಕೂತು ಮಾತಾಡಲು, ರಾತ್ರಿ ಮಲಗಲು ಆಗುತ್ತಿರುವುದು ಇವರಿಬ್ಬರ ಹೊಂದಾಣಿಕೆಯಿಂದ.

ಬೆಂಜೊಡಯಾಜೆಪೈನ್ ತಾನಾಗಿ ತೂಬು ಎತ್ತುವುದಿಲ್ಲ. ನೀರುಗಂಟಿಯ ಕೈಗೆ ಬಲ ಕೊಡುತ್ತದೆ, ಅಷ್ಟೇ. ಅವನು ಮೊದಲಿಗಿಂತ ಹೆಚ್ಚು ಸಲ ತೂಬು ಎತ್ತುತ್ತಾನೆ. ಇದಕ್ಕೆ ಮೊದಲು ಬಳಕೆಯಲ್ಲಿದ್ದ ಬಾರ್ಬಿಟ್ಯುರೇಟ್ ಮಾತ್ರೆಗಳು ಹಾಗಲ್ಲ. ಎತ್ತಿದ ತೂಬನ್ನು ಇಳಿಸಲೇ ಬಿಡುತ್ತಿರಲಿಲ್ಲ, ಡೋಸ್ ಜಾಸ್ತಿಯಾದರೆ ನೀರುಗಂಟಿ ಇಲ್ಲದೆಯೂ ಎತ್ತಿಬಿಡುತ್ತಿದ್ದವು. ಹೀಗಾಗಿ ಅವು ಸುಲಭವಾಗಿ ಜೀವ ತೆಗೆಯುತ್ತಿದ್ದವು. ಹಾಫ್‌ಮನ್ ಲಾ ರೋಶ್ ಕಂಪನಿಯ ಅಮೆರಿಕದ ಪ್ರಯೋಗಾಲಯದಲ್ಲಿ ಲಿಯೊ ಸ್ಟರ್ನ್‌ಬಾಕ್ ತಯಾರಿಸಿ, ಕೆಲಸಕ್ಕೆ ಬಾರದೆಂದು ಬದಿಗಿಟ್ಟಿದ್ದ ಒಂದು ಪುಡಿಯನ್ನು 1957ರಲ್ಲಿ ಪ್ರಯೋಗಾಲಯ ಚೊಕ್ಕಟ ಮಾಡುವಾಗ ಮತ್ತೆ ಪರೀಕ್ಷೆಗೆ ಕಳಿಸಿದರು. 1960ರಲ್ಲಿ ಅದು ಲಿಬ್ರಿಯಂ ಆಗಿ ಮಾರುಕಟ್ಟೆಗೆ ಬಂತು, 1963ರಲ್ಲಿ ಅದರ ತಮ್ಮ ವ್ಯಾಲಿಯಂ. ಬಾರ್ಬಿಟ್ಯುರೇಟಿಗೆ ಹೋಲಿಸಿದರೆ ಎಷ್ಟು ಸುರಕ್ಷಿತ ಎಂದು ಡಾಕ್ಟರುಗಳು ನಿಟ್ಟುಸಿರು ಬಿಟ್ಟರು. ಆ ಸುರಕ್ಷಿತ ಎನ್ನುವುದಕ್ಕೆ ಒಂದು ಷರತ್ತಿತ್ತು: ಜೊತೆಗೆ ಇನ್ನೇನೂ ಇರಬಾರದು.

ಮದ್ಯ ಅದೇ ತೂಬಿನ ಬೇರೊಂದು ಮಗ್ಗುಲಲ್ಲಿ ಕೈಯಿಡುತ್ತದೆ. ಅಷ್ಟಕ್ಕೇ ನಿಲ್ಲದೆ ಕೆರಳಿಸುವ ಗ್ಲುಟಮೇಟಿನ ಬಾಯಿಯನ್ನೂ ಮುಚ್ಚುತ್ತದೆ. ಮಾತ್ರೆ ಮತ್ತು ಮದ್ಯ ಒಟ್ಟಿಗೆ ಹೊಟ್ಟೆ ಸೇರಿದರೆ ಪರಿಣಾಮ ಒಂದಕ್ಕೊಂದು ಕೂಡುವುದಷ್ಟೇ ಅಲ್ಲ, ಗುಣಿಸಿಕೊಂಡಂತೆ ಏರುತ್ತದೆ. ನಿದ್ದೆ ಗಾಢವಾಗಿ ಉಸಿರೇ ಮಂದವಾಗಬಹುದು, ವಾಂತಿ ಬಂದರೂ ಎಚ್ಚರವಾಗದೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಮಾತ್ರೆ ನಡೆಯುತ್ತಿರುವಾಗ, ಇಳಿಸುತ್ತಿರುವಾಗ ಮದ್ಯ ಮುಟ್ಟಬೇಡಿ ಎನ್ನುವುದಕ್ಕೆ ಬೇರೆ ವಿವರಣೆ ಬೇಕಿಲ್ಲ. ನಮ್ಮ ಪ್ರಶ್ನೆ ಅದಲ್ಲ. ಮಾತ್ರೆ ಪೂರ್ತಿ ನಿಂತ ಮೇಲಿನದು.

ನಿಂತಿದೆ ಎಂದರೆ ಯಾವತ್ತಿನಿಂದ?

ಮೊದಲು ಸಣ್ಣ ಲೆಕ್ಕ. ಕೊನೆಯ ಮಾತ್ರೆ ನುಂಗಿದ ದಿನವೇ ಔಷಧಿ ಮೈಯಿಂದ ಹೋಗುವುದಿಲ್ಲ. ರಕ್ತದಲ್ಲಿರುವ ಅಂಶ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ ಒಂದೊಂದಕ್ಕೆ ಒಂದೊಂದು ತರಹ. ಆಲ್ಪ್ರಜೋಲಾಂಗೆ ಸುಮಾರು 11 ಗಂಟೆ, ಲೊರಾಜೆಪಾಂಗೆ 10ರಿಂದ 20, ಕ್ಲೊನಾಜೆಪಾಂಗೆ 30ರಿಂದ 40 ಗಂಟೆ. ಡಯಾಜೆಪಾಂ ಯಕೃತ್ತಿನಲ್ಲಿ ಒಡೆದು ಮತ್ತೊಂದು ವಸ್ತುವಾಗುತ್ತದೆ, ಅದೂ ಕೆಲಸ ಮಾಡುತ್ತದೆ. ಅದು ಅರ್ಧವಾಗಲು ಕೆಲವರಲ್ಲಿ 200 ಗಂಟೆಯವರೆಗೂ ಬೇಕು. ಹೀಗೆ ಐದು ಸಲ ಅರ್ಧವಾದರೆ ಹೆಚ್ಚುಕಡಿಮೆ ಖಾಲಿ ಎಂದು ಲೆಕ್ಕ. ಆಲ್ಪ್ರಜೋಲಾಂ ಎರಡು ಮೂರು ದಿನದಲ್ಲಿ ಹೋದರೆ, ಡಯಾಜೆಪಾಂನ ಕುರುಹು ತಿಂಗಳು ದಾಟಿಯೂ ಉಳಿದಿರಬಹುದು. ವಯಸ್ಸಾದವರಲ್ಲಿ, ಯಕೃತ್ತು ಸೊರಗಿದವರಲ್ಲಿ ಇನ್ನೂ ನಿಧಾನ.

ಜನ ಎಡವುವುದು ಈ ಲೆಕ್ಕದಲ್ಲೇ. "ಮೈಯಿಂದ ಹೋಯ್ತಲ್ಲ, ಮತ್ತೇನು?" ಎನ್ನುತ್ತಾರೆ. ಔಷಧಿ ಹೋಗಿರಬಹುದು, ಅದು ಮಾಡಿಟ್ಟು ಹೋದ ಬದಲಾವಣೆ ಹೋಗಿರುವುದಿಲ್ಲ.

ವರ್ಷಗಟ್ಟಲೆ ಮಾತ್ರೆ ತಿಂದಾಗ ಮಿದುಳು ಸುಮ್ಮನೆ ಕೂತಿರುವುದಿಲ್ಲ. ತೂಬು ಅತಿಯಾಗಿ ಏಳುತ್ತಿದೆ, ಗದ್ದೆಯೆಲ್ಲ ಜೌಗಾಗುತ್ತಿದೆ ಎಂದು ಅದಕ್ಕೆ ತಿಳಿಯುತ್ತದೆ. ತೂಬಿನ ಬಿಡಿಭಾಗಗಳನ್ನೇ ಬದಲಿಸಿ ಅದನ್ನು ಬಿಗಿ ಮಾಡುತ್ತದೆ, ಮಾತ್ರೆ ಕೊಡುವ ಬಲ ತೂಬಿಗೆ ಸರಿಯಾಗಿ ತಲುಪದಂತೆ ಮಾಡುತ್ತದೆ, ಕೆರಳಿಸುವ ಗ್ಲುಟಮೇಟಿನ ಕಡೆ ಬಲ ಹೆಚ್ಚಿಸುತ್ತದೆ. ಮೊದಲು ಕಾಲು ಮಾತ್ರೆಗೆ ಬರುತ್ತಿದ್ದ ನಿದ್ದೆ ಆಮೇಲೆ ಒಂದಕ್ಕೂ ಬರದಿರುವುದು ಇದರಿಂದಲೇ. ಮಾತ್ರೆ ನಿಲ್ಲಿಸಿದಾಗ ಏನು ಉಳಿಯಿತು ನೋಡಿ: ಬಿಗಿಯಾದ ತೂಬು, ಬಲ ಕಳಕೊಂಡ ನೀರುಗಂಟಿ, ಎದುರಿಗೆ ಅಬ್ಬರಿಸುತ್ತಿರುವ ಗ್ಲುಟಮೇಟ್. ಕೈ ನಡುಕ, ಬೆವರು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಬೆಳಕು ಕಣ್ಣಿಗೆ ಚುಚ್ಚುವುದು, ನಿದ್ದೆಯ ಹೊತ್ತಿಗೆ ಹಾರುವ ಕಾಲುಗಳು ಎಲ್ಲದರ ಮೂಲ ಇದು. ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರುವುದೂ ಇದರಿಂದಲೇ.

ನಿಧಾನವಾಗಿ ಇಳಿಸುವುದು ಮಿದುಳಿಗೆ ಈ ರಿಪೇರಿಗೆ ಸಮಯ ಕೊಡಲಿಕ್ಕೆ. ಅಮೆರಿಕದ ವ್ಯಸನ ವೈದ್ಯರ ಸಂಘ ಮುಂದೆ ನಿಂತು 2025ರಲ್ಲಿ ಹೊರತಂದ ಮಾರ್ಗಸೂಚಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ 5ರಿಂದ 10 ಶೇಕಡಾ ಇಳಿಸುವುದರಿಂದ ಶುರು ಮಾಡಿ ಎನ್ನುತ್ತದೆ. ಹಾಗೆ ಇಳಿಸಿದರೂ ರಿಪೇರಿ ಕೊನೆಯ ಕಾಲು ಮಾತ್ರೆಯ ದಿನಕ್ಕೆ ಸರಿಯಾಗಿ ಮುಗಿಯುತ್ತದೆ ಎನ್ನುವಂತಿಲ್ಲ. ಹೆಚ್ಚಿನವರಿಗೆ ಆಮೇಲೂ ಕೆಲವು ವಾರ ಬೇಕು, ಕೆಲವರಿಗೆ ತಿಂಗಳುಗಳು, ಕೆಲವೇ ಮಂದಿಗೆ ವರ್ಷದ ಮೇಲೂ ಹಿಡಿಯುತ್ತದೆ. ನಡುವೆ ಹತ್ತು ದಿನ ಚೆನ್ನಾಗಿದ್ದು ಮತ್ತೆ ನಾಲ್ಕು ದಿನ ಕೆಡುವುದುಂಟು. ಆ ಹತ್ತು ಒಳ್ಳೆಯ ದಿನಗಳಲ್ಲೇ ರಿಸೆಪ್ಷನ್ ಬರುವುದು.

ಕೆಲಸ ಮಾಡುತ್ತದೆ ಎನ್ನುವುದೇ ತೊಂದರೆ

ಮದ್ಯ ಕುಡಿದರೆ ಕೂಡಲೇ ಕೆಟ್ಟದಾಗುತ್ತದೆ ಎಂದು ಹೆದರಿಸುವುದರಲ್ಲಿ ಅರ್ಥವಿಲ್ಲ, ಯಾಕೆಂದರೆ ಬಹಳಷ್ಟು ಸಲ ಹಾಗಾಗುವುದಿಲ್ಲ. ಆರು ತಿಂಗಳಿಂದ ಬಿಗಿಹಿಡಿದಿದ್ದ ಭುಜ ಮೊದಲ ಪೆಗ್‌ಗೇ ಸಡಿಲಾಗುತ್ತದೆ. ಎದೆಯೊಳಗಿನ ಗುಂಯ್‌ಗುಡುವಿಕೆ ನಿಲ್ಲುತ್ತದೆ. ಅಯ್ಯೋ, ನಾನು ಮೊದಲಿನ ಹಾಗಾದೆನಲ್ಲ ಎನಿಸುತ್ತದೆ. ಬಿಗಿಯಾಗಿದ್ದ ತೂಬನ್ನು ಹೊರಗಿನವನೊಬ್ಬ ಬಂದು ಎತ್ತಿ, ಗ್ಲುಟಮೇಟನ್ನೂ ಸುಮ್ಮನಿರಿಸಿದ್ದಾನೆ, ಎನಿಸದೆ ಏನಾದೀತು?

ಗಡಿಯಾರ ನೋಡಿ. 42.8 ಶೇಕಡಾದ ವಿಸ್ಕಿಯಲ್ಲಿ 30 ಎಂಎಲ್ ಪೆಗ್ಗಿಗೆ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಸಾಮಾನ್ಯ ದೇಹ ಗಂಟೆಗೆ 7ರಿಂದ 10 ಗ್ರಾಂ ಕರಗಿಸುತ್ತದೆ. ರಾತ್ರಿ ಹತ್ತಕ್ಕೆ ಹಾಕಿದ ಎರಡು ಪೆಗ್ ನಡುರಾತ್ರಿ ದಾಟಿ ಒಂದು ಗಂಟೆಯ ಆಸುಪಾಸಿಗೆ ಇಳಿದಿರುತ್ತದೆ. ಹೊರಗಿನವನು ಹೋದ, ತೂಬು ಧಡಕ್ಕನೆ ಬಿತ್ತು. ಮದ್ಯ ನಿದ್ದೆ ಬೇಗ ತರಿಸುತ್ತದೆ, ರಾತ್ರಿಯ ಮೊದಲರ್ಧದಲ್ಲಿ ಕನಸು ಕಾಣುವ ನಿದ್ದೆಯನ್ನು ಅದುಮಿಡುತ್ತದೆ, ಎರಡನೆಯ ಅರ್ಧದಲ್ಲಿ ಆ ಬಾಕಿಯೆಲ್ಲ ಬಡ್ಡಿ ಸಮೇತ ಬರುತ್ತದೆ. ಎರಡೂವರೆ ಮೂರಕ್ಕೆ ಎಚ್ಚರ, ಬೆವರು, ಎದೆ ಬಡಿತ. ಮಾತ್ರೆಯ ಗೊಡವೆಯಿಲ್ಲದವರಿಗೂ ಇದು ಸ್ವಲ್ಪ ಆಗುತ್ತದೆ, ಮಾರನೆಯ ದಿನದ ಹ್ಯಾಂಗೋವರಿನಲ್ಲಿ ಒಂದು ಬಗೆಯ ಅಳುಕು ಇರುತ್ತದಲ್ಲ, ಅದೇ. ಆದರೆ ಮಾತ್ರೆ ಬಿಟ್ಟು ಚೇತರಿಸಿಕೊಳ್ಳುತ್ತಿರುವವರ ಮಿದುಳಿನಲ್ಲಿ ತಡೆಯುವ ಶಕ್ತಿ ಮೊದಲೇ ಕಡಿಮೆ. ಇನ್ನೊಬ್ಬರಿಗೆ ಅರ್ಧ ದಿನದ ಅಳುಕಾಗುವುದು ಇವರಿಗೆ ಮೂರ್ನಾಲ್ಕು ದಿನದ ನಡುಕವಾಗಬಹುದು.

ಆ ಮೂರ್ನಾಲ್ಕು ದಿನದಲ್ಲಿ ಮನುಷ್ಯ ಏನು ಮಾಡುತ್ತಾನೆ ಎನ್ನುವುದರ ಮೇಲೆ ಮುಂದಿನದು ನಿಂತಿದೆ. ಕುಡಿದದ್ದಕ್ಕೂ ಈ ಗಾಬರಿಗೂ ಸಂಬಂಧ ಇದೆ ಎಂದು ಹೊಳೆಯುವುದಿಲ್ಲ, ಕುಡಿದಾಗ ಚೆನ್ನಾಗಿತ್ತಲ್ಲ! ಆದ್ದರಿಂದ ಎರಡು ತೀರ್ಮಾನ ಹೊರಡುತ್ತವೆ. "ನನ್ನ ಹಳೇ ಕಾಯಿಲೆ ಮರುಕಳಿಸಿತು, ಮಾತ್ರೆಯಿಲ್ಲದೆ ನನಗೆ ಬದುಕಿಲ್ಲ" ಎನ್ನುವುದು ಒಂದು. ಬೀರುವಿನಲ್ಲಿ ಉಳಿದ ಸ್ಟ್ರಿಪ್ ನೆನಪಾಗುತ್ತದೆ, ಮೈಯಲ್ಲಿ ಇನ್ನೂ ಮದ್ಯ ಇರುವಾಗಲೇ ಮಾತ್ರೆ ನುಂಗಿಬಿಡುವ ಅಪಾಯ ಇಲ್ಲಿದೆ. "ಆವತ್ತು ಒಂದು ಪೆಗ್ಗಿಗೆ ಎಷ್ಟು ಆರಾಮಾಗಿತ್ತು, ಇವತ್ತೂ ಒಂದು ಹಾಕಿ ಮಲಗೋಣ" ಎನ್ನುವುದು ಇನ್ನೊಂದು. ಮೊದಲನೆಯ ದಾರಿ ತಿರುಗಿ ಮಾತ್ರೆಗೆ, ಎರಡನೆಯದು ಮಾತ್ರೆಯ ಬದಲು ಬಾಟಲಿಗೆ. ನನ್ನನ್ನು ಕೇಳಿದರೆ ಎರಡನೆಯದು ಹೆಚ್ಚು ಕಳ್ಳ ದಾರಿ. ಮನೆಯವರೂ "ಪರವಾಗಿಲ್ಲ, ಮಾತ್ರೆ ಬಿಟ್ಟಿದ್ದಾರೆ" ಎಂದು ಸಂತೋಷದಲ್ಲೇ ಇರುತ್ತಾರೆ.

ಈ ಎರಡು ವಸ್ತು ಒಂದರ ಜಾಗದಲ್ಲಿ ಇನ್ನೊಂದು ಹೇಗೆ ಕೂರುತ್ತದೆ ಎನ್ನುವುದಕ್ಕೆ ಡಾಕ್ಟರುಗಳೇ ದಿನಾ ಬಳಸುವ ಪುರಾವೆಯಿದೆ. ವಿಪರೀತ ಕುಡಿಯುವವರು ನಿಲ್ಲಿಸಲು ಆಸ್ಪತ್ರೆಗೆ ಸೇರಿದಾಗ ಫಿಟ್ಸ್, ಸನ್ನಿ ಬರದಂತೆ ಕೊಡುವುದು ಕ್ಲೋರ್‌ಡಯಾಜೆಪಾಕ್ಸೈಡನ್ನೋ ಲೊರಾಜೆಪಾಮನ್ನೋ. ಮದ್ಯ ಹೋದ ಜಾಗವನ್ನು ಮಾತ್ರೆ ತುಂಬಿ, ಆಮೇಲೆ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತಾರೆ. 2020ರ ಮಾರ್ಚ್ ಲಾಕ್‌ಡೌನಿನಲ್ಲಿ ವೈನ್ ಶಾಪುಗಳು ಒಂದೇಸಲಕ್ಕೆ ಮುಚ್ಚಿದಾಗ ಬೆಂಗಳೂರಿನ ಆಸ್ಪತ್ರೆಗಳಿಗೆ ಫಿಟ್ಸ್, ಭ್ರಮೆಯ ಸ್ಥಿತಿಯಲ್ಲಿ ಬಂದ ಕುಡಿತದ ರೋಗಿಗಳು ಹೆಚ್ಚಿದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ರಾಯಚೂರು, ಯಾದಗಿರಿ ಕಡೆಯವರಿಗೆ ಇದರ ಮತ್ತೊಂದು ರೂಪ ಗೊತ್ತು. ಅಲ್ಲಿ ಸಿಗುವ ಕಲಬೆರಕೆ ಸೇಂದಿಗೆ ಹಾಕುವ "ಸಿ.ಎಚ್. ಪೌಡರ್" ಎಂದರೆ ಕ್ಲೋರಲ್ ಹೈಡ್ರೇಟ್, ಅದೂ ಇದೇ ತೂಬಿನವನೇ. ಗಡಿಯಾಚೆ ತೆಲಂಗಾಣದಲ್ಲಿ ಸೇಂದಿಗೆ ಆಲ್ಪ್ರಜೋಲಾಂ, ಡಯಾಜೆಪಾಂ ಬೆರೆಸಿದ ಪ್ರಕರಣಗಳೂ ಇವೆ. ಸೇಂದಿ ಕುಡಿಯುತ್ತೇನೆ ಎಂದುಕೊಂಡ ಮುದುಕ ತನಗೆ ತಿಳಿಯದೆಯೇ ವರ್ಷಗಟ್ಟಲೆ ನಿದ್ದೆ ಮಾತ್ರೆ ಕುಡಿದಿರುತ್ತಾನೆ. ದಾಳಿಯಾಗಿ ಅಂಗಡಿ ಮುಚ್ಚಿದ ವಾರ ಅವನು ವಿಚಿತ್ರವಾಗಿ ಆಡತೊಡಗಿದರೆ ಊರವರು ದೆವ್ವ ಮೆಟ್ಟಿತು ಅನ್ನುತ್ತಾರೆ.

ಹಳೇ ಅಳತೆ ನಡೆಯದು

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಮಾತ್ರೆಗೆ ಮೈ ಒಗ್ಗಿದ್ದಾಗ ಮದ್ಯಕ್ಕೂ ಸ್ವಲ್ಪಮಟ್ಟಿಗೆ ಒಗ್ಗಿರುತ್ತದೆ, ಬಾಗಿಲು ಒಂದೇ ಆದ್ದರಿಂದ. ಮಾತ್ರೆ ಇಳಿಸುವ ಆರೆಂಟು ತಿಂಗಳು ಕುಡಿಯದೇ ಇದ್ದವರಲ್ಲಿ ಈ ಒಗ್ಗುವಿಕೆ ಎರಡೂ ಕಡೆಯಿಂದ ಕರಗಿರುತ್ತದೆ. ಮೊದಲು ಮೂರು ಪೆಗ್ಗಿಗೂ ಅಲುಗಾಡದಿದ್ದವರಿಗೆ ಈಗ ಒಂದಕ್ಕೇ ನಾಲಿಗೆ ತೊದಲಬಹುದು. ಕೈ ಮಾತ್ರ ಹಳೆಯ ಅಭ್ಯಾಸದಲ್ಲಿ ಸುರಿಯುತ್ತದೆ. ಗಾಡಿ ಕೀಲಿ ಜೇಬಿನಲ್ಲೇ ಇರುತ್ತದೆ.

ಅಳತೆಯ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1982ರಿಂದ 1994ರವರೆಗೆ ಬೆಂಜೊಡಯಾಜೆಪೈನ್ ಬಿಡಿಸುವ ಕ್ಲಿನಿಕ್ ನಡೆಸಿದ ಹೆದರ್ ಆಶ್ಟನ್ ಎಂಬ ವೈದ್ಯೆಯ ಕೈಪಿಡಿ ಜಗತ್ತಿನಾದ್ಯಂತ ಇಂದಿಗೂ ಓದಿಸಿಕೊಳ್ಳುತ್ತದೆ. ಆಕೆ ಮದ್ಯದ ವಿಚಾರದಲ್ಲಿ ಕಟ್ಟುನಿಟ್ಟಿನವರಲ್ಲ. ಮಿತಿಯಲ್ಲಿ ಒಂದೆರಡು ಗ್ಲಾಸ್ ವೈನ್ ಆದೀತು, ಆದರೆ ಮಾತ್ರೆಯ ಜಾಗಕ್ಕೆ ಮದ್ಯ ಬರಬಾರದು ಎನ್ನುವುದು ಅವರ ನಿಲುವು. ಇದನ್ನು ಓದಿ ನಮ್ಮವರು ಖುಷಿಪಡುವ ಮೊದಲು, ಇಂಗ್ಲೆಂಡಿನ ಊಟದ ಮೇಜಿನ ಒಂದು ಗ್ಲಾಸ್ ವೈನ್ ಯಾವುದು, ನಮ್ಮ ಬಾರಿನ ಮೇಜಿನ ಒಂದು ಯಾವುದು ಎಂದು ನೋಡಬೇಕು. ನಮ್ಮಲ್ಲಿ ಹೆಚ್ಚು ನಡೆಯುವುದು ವಿಸ್ಕಿ, ರಮ್, ಬ್ರಾಂದಿ. 90 ಎಂಎಲ್‌ನ ಒಂದು ಟೆಟ್ರಾ ಪ್ಯಾಕ್ ಎಂದರೆ ಮೂರು ಪೆಗ್, ಒಂದು ಕ್ವಾರ್ಟರ್ ಎಂದರೆ ಆರು. 650 ಎಂಎಲ್‌ನ ಸ್ಟ್ರಾಂಗ್ ಬಿಯರ್ 8 ಶೇಕಡಾದ್ದಾದರೆ ನಾಲ್ಕು ಪೆಗ್ಗಿಗೆ ಸಮ. ಊಟಕ್ಕೆ ಮೊದಲು, ಖಾಲಿ ಹೊಟ್ಟೆಗೆ, ಕಾಂಗ್ರೆಸ್ ಕಡ್ಲೆಕಾಯಿ ನಂಜಿಕೊಂಡು ಬೇಗ ಬೇಗ ಇಳಿಸುವ ಪದ್ಧತಿ ನಮ್ಮದು. ಆಶ್ಟನ್ ಹೇಳಿದ ಒಂದೆರಡು ನಮ್ಮ ಒಂದೆರಡಲ್ಲ.

ಹಾಗಾದರೆ ಯಾವಾಗ?

ಇಷ್ಟನೇ ದಿನದಿಂದ ಸರಿ ಎಂದು ತಾರೀಕು ಕೊಡುವ ಪರೀಕ್ಷೆ ಇಲ್ಲ. ರಕ್ತ ತೆಗೆದು, ಸ್ಕ್ಯಾನ್ ಮಾಡಿ ತೂಬು ರಿಪೇರಿಯಾಯಿತೇ ಎಂದು ಕ್ಲಿನಿಕ್ಕಿನಲ್ಲಿ ನೋಡಲು ಬರುವುದಿಲ್ಲ. ಇರುವುದು ಮೈ ಕೊಡುವ ಸೂಚನೆಗಳು ಮಾತ್ರ. ಯಾವ ಮಾತ್ರೆಯೂ ಇಲ್ಲದೆ ಹಲವು ತಿಂಗಳಿಂದ ನಿದ್ದೆ ಒಂದು ಹದಕ್ಕೆ ಬಂದಿದೆಯೇ? ಒಳ್ಳೆಯ ದಿನ, ಕೆಟ್ಟ ದಿನಗಳ ಏರಿಳಿತ ನಿಂತಿದೆಯೇ? ಕಾಫಿ ಕುಡಿದರೆ, ಒಂದು ರಾತ್ರಿ ನಿದ್ದೆಗೆಟ್ಟರೆ ಮೈ ಮೊದಲಿನಂತೆ ಸುಧಾರಿಸಿಕೊಳ್ಳುತ್ತದೆಯೇ? ಇವಕ್ಕೆ ಹೌದು ಎನ್ನಲಾಗದಿದ್ದರೆ ಒಂದೂವರೆ ತಿಂಗಳಿರಲಿ, ಆರು ತಿಂಗಳಾಗಿದ್ದರೂ ಅದು ಬೇಗವೇ. ಹೌದು ಎಂದಾದರೂ ಡಾಕ್ಟರ ಜೊತೆ ಮಾತಾಡಿಯೇ ಮುಂದುವರಿಯಬೇಕು, ಮತ್ತು ಬೇಕಾದದ್ದು ಸಂತೋಷಕ್ಕೋ ಸಮಾಧಾನಕ್ಕೋ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ನಿದ್ದೆಗಾಗಿ, ಗಾಬರಿಗಾಗಿ, ಒಬ್ಬರೇ ಕೂತಾಗ ಬೇಕೆನಿಸಿದ್ದಾದರೆ ಅದು ಮಾತ್ರೆಯನ್ನೇ ಬೇರೆ ಬಣ್ಣದಲ್ಲಿ ಕೇಳಿದಂತೆ.

ಕೆಲವರಿಗೆ ಈ ಚರ್ಚೆಯೇ ಅನ್ವಯಿಸುವುದಿಲ್ಲ. ಮೊದಲು ಕುಡಿತದ ಸಮಸ್ಯೆ ಇದ್ದವರು, ಕುಡಿತ ಬಿಡಿಸುವಾಗಲೇ ಮಾತ್ರೆ ಶುರುವಾದವರು, ಒಮ್ಮೆಯಾದರೂ ಫಿಟ್ಸ್ ಬಂದವರು, ಯಕೃತ್ತಿನ ತೊಂದರೆ ಇರುವವರು, ಈಗ ನಿದ್ದೆಯ ಜೊಲ್ಪಿಡೆಮ್, ನರನೋವಿನ ಪ್ರಿಗಾಬಲಿನ್, ನೋವಿನ ಟ್ರಮಡಾಲ್ ತರಹದ ಬೇರೆ ಮಾತ್ರೆ ತಿನ್ನುತ್ತಿರುವವರು: ಇವರಿಗೆ ಆರು ತಿಂಗಳಾದರೂ ಉತ್ತರ "ಬೇಡ" ಎಂದೇ. ಕುಡಿಯುವುದು, ನಿಲ್ಲಿಸುವುದು, ಮತ್ತೆ ಕುಡಿಯುವುದು, ನಿಲ್ಲಿಸುವುದು ಪದೇ ಪದೇ ಆದರೆ ಪ್ರತಿ ಸಲದ ನಡುಕ ಹಿಂದಿನದಕ್ಕಿಂತ ಜೋರಾಗುವ ಸಾಧ್ಯತೆ ಇದೆ. ನರಮಂಡಲ ಪ್ರತಿ ಸಲವೂ ಹಿಂದಿನದನ್ನು ನೆನಪಿಟ್ಟುಕೊಂಡಂತೆ ವರ್ತಿಸುತ್ತದೆ.

ಈಗಾಗಲೇ ಮಾತ್ರೆ ಬಿಟ್ಟ ಮೇಲೆ ದಿನಾ ಕುಡಿಯುವ ರೂಢಿಗೆ ಬಿದ್ದಿದ್ದರೆ, ಇದನ್ನು ಓದಿ ಹೆದರಿ ನಾಳೆಯಿಂದಲೇ ಪೂರ್ತಿ ನಿಲ್ಲಿಸಿಬಿಡಬೇಡಿ. ಅದೂ ಫಿಟ್ಸಿಗೆ ದಾರಿ. ಮನೋವೈದ್ಯರ ಬಳಿ ಹೋಗಿ ಎರಡನ್ನೂ ಹೇಳಿ. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ಸುತ್ತಮುತ್ತಲಿನವರಿಗೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವಿದೆ. ಫಿಟ್ಸ್ ಬಂದರೆ, ಇಲ್ಲದ್ದು ಕಂಡರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಡಾಕ್ಟರ ಮುಂದೆ "ಅಪರೂಪಕ್ಕೆ ಸ್ವಲ್ಪ" ಎನ್ನಬೇಡಿ. ಯಾವ ಬಾಟಲಿ, ಎಷ್ಟು ಎಂಎಲ್, ವಾರಕ್ಕೆ ಎಷ್ಟು ಸಲ ಎಂದು ಹೇಳಿ. ಕೊನೆಯ ಮಾತ್ರೆಯ ತಾರೀಕು, ಎಷ್ಟು ಮಿಲಿಗ್ರಾಂನಿಂದ ಎಷ್ಟು ತಿಂಗಳಲ್ಲಿ ಇಳಿಸಿದಿರಿ ಎಂಬುದನ್ನು ಹಳೇ ಚೀಟಿ ನೋಡಿ ಬರೆದುಕೊಂಡು ಹೋಗಿ. ಮತ್ತೆ ಆ ಬೀರುವಿನ ಸ್ಟ್ರಿಪ್. ಆಲ್ಪ್ರಜೋಲಾಂ, ಡಯಾಜೆಪಾಂ 2014ರಿಂದ ಬಿಗಿ ನಿಗಾ ಇರುವ ಔಷಧಿಗಳ ಎಚ್1 ಪಟ್ಟಿಯಲ್ಲಿವೆ, ಮಾರಿದ ಅಂಗಡಿಯವರು ನಿಮ್ಮ ಹೆಸರು, ಡಾಕ್ಟರ ಹೆಸರು ಬರೆದಿಟ್ಟು ಮೂರು ವರ್ಷ ಕಾಪಾಡಬೇಕೆಂಬ ನಿಯಮವಿದೆ. ಅಷ್ಟು ಕಾವಲಿರುವ ಮಾತ್ರೆ ನಾಲ್ಕೋ ಐದೋ ಉಳಿದು ನಿಮ್ಮ ಬೀರುವಿನಲ್ಲಿ ಯಾರ ಕಾವಲೂ ಇಲ್ಲದೆ ಕೂತಿದೆ. ಭಾನುವಾರದ ರಿಸೆಪ್ಷನ್ನಿಗೆ ಹೊರಡುವ ಮೊದಲು ಅದನ್ನು ಹೆಂಡತಿಯ ಕೈಗೋ ಅಣ್ಣನ ಕೈಗೋ ಕೊಟ್ಟು, ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಹಿಂದಿರುಗಿಸಿ.